ಇಂಧನದ ಋಣ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ಕನ್ನಡ ನಾಡಿನ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿಗೆ ಜೋಡಿಸಿದ ದೊಡ್ಡ ಒಲೆಗೆ ಮುಂಜಾನೆ ಇದ್ದಿಲು ತುಂಬಿ, ಗಾಳಿಯೂದಿ ಕೆಂಡವಾದ ಬಳಿಕವೇ ಪ್ರಯಾಣ. ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನೂಕುವುದೂ ಉಂಟಾಗಿತ್ತು. ಯುದ್ಧ ಮುಗಿದು ಪೆಟ್ರೋಲು ಮರಳಿ ದೊರೆಯತೊಡಗಿದಂತೆ ಆ ಒಲೆಗಳು ಮರೆಯಾದವು. ಆ ಇದ್ದಿಲಿಗಾಗಿ ಯಾವ ಕಾಡಿನ ಎಷ್ಟು ಮರಗಳು ಉರುಳಿದವೆಂಬ ಪ್ರಶ್ನೆಯೂ ಅವುಗಳೊಂದಿಗೆ ಮರೆಯಾಯಿತು. ಪ್ರಯಾಣಿಕನಿಗೆ ಕಾಣುವುದು ತಾನು ಸೇರಬೇಕಾದ ಊರು. ಇಂಧನ ಹೊರಟು ಬಂದ ಊರು ಅವನ ಕಣ್ಣಿಗೆ ಬೀಳುವುದಿಲ್ಲ.

ತುಮಕೂರಿನ ಧಾನ್ಯ ವರ್ತಕರೊಬ್ಬರಿಗೆ ಈ ಪ್ರಶ್ನೆ ಎದುರಾದುದು ಮನೆಯ ಹಳೆಯ ಡೀಸೆಲ್ ಕಾರನ್ನು ಬದಲಿಸುವ ಮಾತು ಬಂದಾಗ. ಅವರು ವಿಜ್ಞಾನವನ್ನು ಓದಿದವರಲ್ಲ. ಜಮಾ ಖರ್ಚು ಬರೆಯಬಲ್ಲವರು. ಮಗನ ಅಪೇಕ್ಷೆ ದೊಡ್ಡದೊಂದು ವಿದ್ಯುತ್ ಕಾರು. "ಹೊಗೆಯೇ ಇಲ್ಲ ಅಪ್ಪಾಜಿ, ಯಾರಿಗೂ ಬಾಧೆಯಿಲ್ಲ" ಎಂಬುದು ಅವನ ವಾದ. ಮೊಮ್ಮಗಳಿಗೆ ಉಬ್ಬಸವಿದ್ದುದರಿಂದ ಆ ಮನೆಯಲ್ಲಿ ಹೊಗೆಯ ಮಾತು ಬರಿಯ ಮಾತಾಗಿರಲಿಲ್ಲ. ಆದರೂ ಯಾರಿಗೂ ಬಾಧೆಯಿಲ್ಲವೆಂಬುದನ್ನು ವರ್ತಕರ ಮನಸ್ಸು ಒಪ್ಪಲಿಲ್ಲ. ಜಮೆಯ ಪುಟ ಮಾತ್ರವಿದ್ದು ಖರ್ಚಿನ ಪುಟವಿಲ್ಲದ ಖಾತೆಯನ್ನು ಅವರು ಎಲ್ಲಿಯೂ ಕಂಡಿರಲಿಲ್ಲ.

ಮೊದಲು ಅವರು ತಮ್ಮ ಕಸುಬಿಗೆ ಸಮೀಪವಾದ ಇಂಧನವನ್ನೇ ವಿಚಾರಿಸಿದರು. ಸಸ್ಯಜನ್ಯ ಇಂಧನವು ಹೊಸ ಕಲ್ಪನೆಯೇನೂ ಅಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಭಾರತದಲ್ಲಿ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇರಿಸಲಾಗಿತ್ತು. ಅದು 2025ರಲ್ಲಿಯೇ ಕೈಗೂಡಿತು. ಇದರಿಂದ ವಿದೇಶೀ ತೈಲದ ಹೊರೆ ತಗ್ಗುತ್ತದೆ, ರೈತನ ಬೆಳೆಗೆ ಇನ್ನೊಂದು ಗಿರಾಕಿ ದೊರೆಯುತ್ತದೆ. ಆದರೆ ಎಥೆನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಅದಕ್ಕೆ ಬೇಕಾಗುವುದು ಕಬ್ಬು, ಮೆಕ್ಕೆಜೋಳ ಮತ್ತು ಅಕ್ಕಿ. ಕಬ್ಬು ಬೇಡುವ ನೀರನ್ನು ಬಯಲುಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೊಟ್ಟೆಗೆ ಸಲ್ಲಬಹುದಾದ ಕಾಳು ಎಂಜಿನ್ನಿಗೂ ಸಲ್ಲತೊಡಗಿದರೆ ಸಂತೆಯಲ್ಲಿ ಇಬ್ಬರು ಗಿರಾಕಿಗಳು ಎದುರುಬದುರು ನಿಲ್ಲುತ್ತಾರೆ. ಅವರಲ್ಲಿ ಯಾರ ಕೈ ಮೇಲಾಗುವುದೆಂಬುದನ್ನು ವರ್ತಕರು ಬಲ್ಲರು.

ಇನ್ನು ವಿದ್ಯುತ್ತು. ಕರ್ನಾಟಕಕ್ಕೆ ವಿದ್ಯುತ್ ಕಾರು ಅಪರಿಚಿತವಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲಿಯೇ ಮಾರುಕಟ್ಟೆಗೆ ಬಂದು, ಮುಂದೆ ಜಿ-ವಿಜ್ ಎಂಬ ಹೆಸರಿನಿಂದ ಲಂಡನ್ನಿನ ಬೀದಿಗಳಲ್ಲಿಯೂ ಸಂಚರಿಸಿತು. ಪೆಟ್ರೋಲ್ ಎಂಜಿನ್ನು ತನಗೆ ದೊರೆತ ಶಕ್ತಿಯ ನಾಲ್ಕನೆಯ ಒಂದು ಪಾಲನ್ನಷ್ಟೇ ಚಕ್ರಕ್ಕೆ ಮುಟ್ಟಿಸಿ ಉಳಿದುದನ್ನು ಬಿಸಿಯಾಗಿ ಕಳೆದರೆ, ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೇ ಮುಟ್ಟಿಸುತ್ತದೆ. ಜಲಜನಕದ ಕಾರನ್ನು ಹೊಗಳುವವರೂ ಉಂಟು. ಆದರೆ ವಿದ್ಯುತ್ತಿನಿಂದ ನೀರನ್ನು ಒಡೆದು, ಜಲಜನಕವನ್ನು ಒತ್ತಿ ತುಂಬಿ, ಅದನ್ನು ಪುನಃ ವಿದ್ಯುತ್ತಾಗಿಸುವಷ್ಟರಲ್ಲಿ ಮೂರನೆಯ ಎರಡು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತದೆ.

ಆದರೆ ಆ ವಿದ್ಯುತ್ತು ಬರುವುದಾದರೂ ಎಲ್ಲಿಂದ? 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕನ್ನು ಕೊಟ್ಟಿತು. ಶರಾವತಿಯ ಕಣಿವೆಯಲ್ಲಿ ಮುಳುಗಿದ ಹಳ್ಳಿಗಳ ಜನರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಅದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ತಲೆಯೆತ್ತಿತು. ಅಲ್ಲಿ ಭೂಮಿಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದುದು ಶ್ಲಾಘನೀಯ ಕ್ರಮ. ಮಳೆಯಿಲ್ಲದ ಸೀಮೆಯ ಒಡೆಯನಿಗೆ ಅದು ನಂಬಿಕೆಯ ವರಮಾನ. ಆದರೆ ಕಡಲೆಕಾಯಿ ವ್ಯಾಪಾರಕ್ಕೆಂದು ಆ ಕಡೆ ಹೋಗಿಬರುತ್ತಿದ್ದ ವರ್ತಕರು ಇನ್ನೊಂದನ್ನೂ ಕಂಡಿದ್ದರು: ಹೊಲವಿಲ್ಲದ ಕೂಲಿಯವನಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ, ಗಾಜಿನ ಫಲಕಗಳ ನಡುವೆ ಕಳೆ ಕೀಳುವ ಕೆಲಸವೂ ಮೊದಲಿನಷ್ಟಿಲ್ಲ. ಸೂರ್ಯನ ಬೆಳಕು ಎಲ್ಲರಿಗೂ ಸಮಾನವಾದರೂ ಅದನ್ನು ಹಿಡಿಯುವ ನೆಲ ಯಾರದೋ ಒಬ್ಬರದು.

ಬ್ಯಾಟರಿಯ ಖಾತೆ ಇನ್ನೂ ದೂರದ್ದು. ಪ್ರಪಂಚದ ಕೋಬಾಲ್ಟಿನಲ್ಲಿ ಅರ್ಧಕ್ಕಿಂತಲೂ ಹೆಚ್ಚು ಆಫ್ರಿಕದ ಕಾಂಗೋ ದೇಶದ ನೆಲದಿಂದ ಬರುತ್ತದೆ; ಅಲ್ಲಿಯ ಕೆಲವು ಗುಂಡಿಗಳಲ್ಲಿ ಮಕ್ಕಳೂ ದುಡಿದಿರುವರೆಂಬುದು ದಾಖಲಾದ ಸಂಗತಿ. ಕೋಬಾಲ್ಟನ್ನು ಬಳಸದೆ, ಕಬ್ಬಿಣ ಮತ್ತು ರಂಜಕದ ಸಂಯುಕ್ತದಿಂದ ಮಾಡುವ ಬ್ಯಾಟರಿಗಳೂ ಇವೆ. ಆಯ್ಕೆ ಇದೆಯೆಂದು ತಿಳಿದ ಮೇಲೆ ಆಯದಿರುವುದಕ್ಕೆ ನೆಪವಿಲ್ಲ.

ಇಷ್ಟನ್ನೂ ತಿಳಿದು ವರ್ತಕರು ಕಾಗದದ ಮೇಲೆ ಸರಳವಾದ ಲೆಕ್ಕವೊಂದನ್ನು ಹಾಕಿದರು. ಸಾಧಾರಣ ಪೆಟ್ರೋಲ್ ಕಾರು 100 ಕಿಲೋಮೀಟರು ಓಡಲು ಸುಮಾರು 6.5 ಲೀಟರು ಬೇಕು. ಲೀಟರೊಂದು ಉರಿದರೆ 2.3 ಕಿಲೋದಷ್ಟು ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಒಟ್ಟು 15 ಕಿಲೋ. ವಿದ್ಯುತ್ ಕಾರಿಗೆ ಅಷ್ಟೇ ದೂರಕ್ಕೆ ಸುಮಾರು 15 ಯೂನಿಟ್ಟು. ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನದಾದ ಕಾರಣ ಯೂನಿಟ್ಟಿಗೆ ಸರಾಸರಿ 0.7 ಕಿಲೋ, ಒಟ್ಟು ಹತ್ತೂವರೆ ಕಿಲೋ. ಬ್ಯಾಟರಿಯ ತಯಾರಿಕೆಯನ್ನು ಬದಿಗಿಟ್ಟರೆ, ಇಂಧನ ಬದಲಿಸಿದುದರ ಉಳಿತಾಯ ಸುಮಾರು ಮೂರನೆಯ ಒಂದು ಪಾಲು. ಹಗಲು ಹೊತ್ತು ಸ್ವಂತ ಛಾವಣಿಯ ಬಿಸಿಲಿನಿಂದ ತುಂಬಿಸಿದರೆ ಇನ್ನೂ ಬಹಳ ಹೆಚ್ಚು.

ಅನಂತರ ಅವರು ಒಂದು ತಿಂಗಳು ಹಳೆಯ ಕಾರಿನ ಪ್ರತಿಯೊಂದು ಓಡಾಟವನ್ನೂ ಬರೆದಿಟ್ಟರು. ಅಂಗಡಿಯ ಕೆಲಸ, ಆಸ್ಪತ್ರೆ, ಬಂಧುಗಳ ಮನೆ. ಜೊತೆಗೆ ನಡೆದೇ ಹೋಗಬಹುದಾಗಿದ್ದ ದೂರಗಳು, ರೈಲು ಇರುವಾಗಲೂ ಬೆಂಗಳೂರಿಗೆ ಒಬ್ಬರೇ ಕಾರಿನಲ್ಲಿ ಹೋದ ದಿನಗಳು. ಕೂಡಿಸಿದಾಗ, ಓಡಬೇಕಾಗಿರದಿದ್ದ ಕಿಲೋಮೀಟರುಗಳೂ ಸುಮಾರು ಮೂರನೆಯ ಒಂದು ಪಾಲು! ಹೊಸ ಯಂತ್ರ ಉಳಿಸಿಕೊಡುವಷ್ಟನ್ನು ಹಳೆಯ ಕಾರಿನಲ್ಲಿಯೇ ಕಾಸಿನ ಖರ್ಚಿಲ್ಲದೆ ಉಳಿಸಬಹುದಾಗಿತ್ತು.

ಮಗನ ಯೋಜನೆಯಲ್ಲಿ ದೊಡ್ಡ ಕಾರು ಬರುತ್ತಿತ್ತು, ಹಳೆಯದೂ ಉಳಿಯುತ್ತಿತ್ತು. ಅದು ಬದಲಾವಣೆಯಲ್ಲ, ಸೇರ್ಪಡೆ. ಮನೆಯವರೆಲ್ಲ ಕುಳಿತು ಮಾತನಾಡಿದ ಮೇಲೆ, ಕೋಬಾಲ್ಟಿಲ್ಲದ ಬ್ಯಾಟರಿಯ ಚಿಕ್ಕ ಕಾರೊಂದೇ ಸಾಕೆಂದೂ, ಅಂಗಡಿಯ ಛಾವಣಿಯ ಮೇಲೆ ಸೌರ ಫಲಕಗಳನ್ನು ಹಾಕಿಸುವುದೆಂದೂ, ತಿಂಗಳಿಗೆ ಇಷ್ಟೇ ಕಿಲೋಮೀಟರೆಂದು ಪರಿಮಾಣವನ್ನು ಗೊತ್ತುಮಾಡಿಕೊಳ್ಳುವುದೆಂದೂ ನಿಶ್ಚಯವಾಯಿತು. ಕೊನೆಯದಕ್ಕೆ ಮಗ ಒಪ್ಪಿದುದು ಅರೆಮನಸ್ಸಿನಿಂದ. ಮೊಮ್ಮಗಳ ಶಾಲೆಯವರೆಗೆ ಜೊತೆಯಾಗಿ ನಡೆಯುವ ಹೊಣೆಯನ್ನು ವರ್ತಕರು ತಾವೇ ವಹಿಸಿಕೊಂಡರು.

ಮುಂದಿನ ಕಾಲದ ಇಂಧನ ಯಾವುದೆಂಬುದನ್ನು ವಿಜ್ಞಾನಿಗಳೂ ಸರ್ಕಾರಗಳೂ ನಿರ್ಧರಿಸಲಿ. ಅದು ಯಾವುದೇ ಆದರೂ ಎಲ್ಲಿಯೋ ಒಬ್ಬರ ನೆಲ, ನೀರು, ದುಡಿಮೆಗಳ ಋಣವನ್ನು ಹೊತ್ತೇ ಬರುತ್ತದೆ. ಋಣವನ್ನು ಪೂರ್ತಿಯಾಗಿ ತೀರಿಸುವುದು ಗೃಹಸ್ಥನಿಗೆ ಸಾಧ್ಯವಾಗದಿರಬಹುದು; ಅದನ್ನು ಲೆಕ್ಕದಲ್ಲಿ ಹಿಡಿಯುವುದು ಮತ್ತು ಅನಾವಶ್ಯಕವಾಗಿ ಬೆಳೆಸದಿರುವುದು ಸಾಧ್ಯ. ಓಡದ ಕಿಲೋಮೀಟರಿಗೆ ಯಾವ ಊರಿನ ಹೊಲವೂ ಬೇಕಾಗುವುದಿಲ್ಲ.