ಏರ್ ಹಿಡಿದ ಲಾರಿ

ಮುಳಗುಂದ ಹಿಂದೆ ಬಿದ್ದಿದೆ, ಲಕ್ಷ್ಮೇಶ್ವರ ಇನ್ನೂ ಬಂದಿಲ್ಲ. ಎರಡೂ ಬದಿಗೆ ಎರಿ ಹೊಲ. ನೀವು ಕೂತಿರುವುದು ಹಳೆಯ ಟಾಟಾ 1210 ಲಾರಿಯ ಕ್ಯಾಬಿನ್ನಿನಲ್ಲಿ, ಎಂಜಿನ್ನಿನ ಮುಚ್ಚಳದ ಮೇಲೆ ಹಾಸಿದ ಗೋಣಿಚೀಲಕ್ಕೆ ತೊಡೆ ತಾಗಿಸಿಕೊಂಡು. ಚೀಲ ಬೆಚ್ಚಗಾಗಿದೆ. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತಿದೆ. ಸಣ್ಣ ಏರು ಶುರುವಾಗುತ್ತಿದ್ದಂತೆ ಎಂಜಿನ್ನಿನ ದನಿ ತೆಳುವಾಗುತ್ತದೆ. ಡ್ರೈವರ್ ಎಕ್ಸಲೇಟರ್ ತುಳಿದರೂ ಗಾಡಿ ಎತ್ತುವುದಿಲ್ಲ. ಮೂರನೇ ಗೇರಿಗೆ ಇಳಿಸುತ್ತಾನೆ. ಎರಡು ಸಲ ಜಗ್ಗಿ, ಮುಗ್ಗರಿಸಿ, ನಿಂತೇ ಬಿಡುತ್ತದೆ.

"ಬ್ರೇಕಿನಾಗ ಗಾಳಿ ಇರೂದ್ರಾಗ ಬಾಜೂಕ ತಗೋ," ಅನ್ನುತ್ತಾನೆ ಬೆಟಗೇರಿಯ ಮಿಸ್ತ್ರಿ. ಎಂಜಿನ್ ನಿಂತರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಂತಂತೆಯೇ.

ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಎಲ್ಲರೂ ಇಳಿಯುತ್ತೀರಿ. ಮಾಲೀಕ ಶಿರಹಟ್ಟಿ ಕಡೆಯ ರೈತ. ಉಳ್ಳಾಗಡ್ಡಿ ಸುಗ್ಗಿ ಬರುವುದರೊಳಗೆ ಸ್ವಂತ ಗಾಡಿ ಇರಲಿ ಎಂದು ಮುಂಡರಗಿಯಲ್ಲಿ ಕೊಂಡ ಲಾರಿ ಇದು. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಗಾಡಿ ಅದಕ್ಕೂ ಹಿರಿಯದು, ನಂಬರ್ ಇನ್ನೂ ಕೆಎ 25. ಮಾರಿದವನು "ಎಂಜಿನ್ನಿಗೆ ಯಾರೂ ಕೈ ಹಚ್ಚಿಲ್ಲ" ಅಂದಿದ್ದನಂತೆ. ಗದಗಿನಲ್ಲಿ ಇನ್ನೊಬ್ಬ ಮಿಸ್ತ್ರಿ ನೋಡಿ, ಎಂಜಿನ್ ಬಿಚ್ಚಿ ಬೋರ್ ಮಾಡಿಸಲೇಬೇಕು ಅಂದಿದ್ದಾನೆ. ಒಂದು ಕಡೆ ಬಂದ್ ಬೀಳುವುದು, ಇನ್ನೊಂದು ಕಡೆ ಎಣ್ಣೆ ಸೋರುವುದು. ಎರಡನ್ನೂ ಒಂದೇ ರೋಗ ಎಂದು ತಿಳಿದ ಮಾಲೀಕನ ಮುಖ ಬಾಡಿದೆ.

ಮಿಸ್ತ್ರಿ ಎಂಜಿನ್ ಹತ್ತಿರ ಹೋಗುವುದೇ ಇಲ್ಲ. ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುವಿ ಕಿವಿ ಹಚ್ಚುತ್ತಾನೆ. ಮುಚ್ಚಳದ ಉಸಿರುಕಂಡಿ ಮುಚ್ಚಿದ್ದರೆ 'ಸುಸ್' ಎಂದು ಗಾಳಿ ಒಳಕ್ಕೆ ಎಳೆಯಬೇಕು. ಸಪ್ಪಳವಿಲ್ಲ. ಟ್ಯಾಂಕ್ ಅರ್ಧಕ್ಕೆ ಇಳಿದಿದೆ. "ಫುಲ್ ಇದ್ದಾಗ ಬಂದ್ ಬೀಳತಿತ್ತೇನು?" ಡ್ರೈವರ್ ನೆನಪಿಸಿಕೊಂಡು ತಲೆ ಅಲ್ಲಾಡಿಸುತ್ತಾನೆ, ಇಲ್ಲ.

ಈಗ ಬಗ್ಗಿ ನೋಡಿ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಾಗುತ್ತದೆ. ಫೀಡ್ ಪಂಪಿನ ಕೈಗುಂಡಿಯನ್ನು ಮಿಸ್ತ್ರಿ ಹೆಬ್ಬೆರಳಿನಿಂದ ಒತ್ತುತ್ತಾನೆ, ಬಿಡುತ್ತಾನೆ, ಒತ್ತುತ್ತಾನೆ. ಸ್ಕ್ರೂವಿನ ಸಂದಿಯಿಂದ ಡೀಸೆಲ್ ಬರುವ ಬದಲು ಬಿಳಿ ನೊರೆ ಬರುತ್ತದೆ. ಗುಳ್ಳೆ ಒಡೆದು, ಮತ್ತೆ ಗುಳ್ಳೆ. ಬಹಳ ಹೊತ್ತಿನ ಮೇಲೆ ತಿಳಿಯಾದ ಧಾರೆ ಇಳಿಯುತ್ತದೆ.

"ಏರ್ ಹಿಡದೈತ್ರೀ. ಎಲ್ಲಿಂದ ಎಳ್ಯಾಕ್ಹತ್ತೈತಿ ಹುಡುಕೂಣು."

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಒತ್ತಡ ಬೇಕು. ನಮ್ಮವರು ಇಂದಿಗೂ ಮೈಕೋ ಪಂಪ್ ಅನ್ನುವ ಇಂಜೆಕ್ಷನ್ ಪಂಪು (ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿತು) ಡೀಸೆಲನ್ನು ವಾತಾವರಣದ ನೂರಾರು ಪಟ್ಟು ಒತ್ತಡದಲ್ಲಿ ನಾಝಲ್ಲಿಗೆ ತಳ್ಳುತ್ತದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮಧ್ಯೆ ಗುಳ್ಳೆ ಸಿಕ್ಕಿದರೆ ಪಂಪಿನ ಶ್ರಮವೆಲ್ಲ ಅದನ್ನು ಅಮುಕುವುದರಲ್ಲೇ ಮುಗಿದು ನಾಝಲ್ ತೆರೆಯುವುದೇ ಇಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಹೀರುವ ಪೈಪು; ಅಲ್ಲಿ ಬಿರುಕಿದ್ದರೆ ಗಾಡಿ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಕಾಣದ ಕಾರಣಕ್ಕೇ ಜನ ಇದನ್ನು ಬಿಟ್ಟು ದುಬಾರಿ ಪಂಪ್ ಬಿಚ್ಚಿಸುತ್ತಾರೆ. ಟ್ಯಾಂಕಿನಲ್ಲಿ ಡೀಸೆಲ್ ಇಳಿದಷ್ಟೂ ಹೀರುವ ಎಳೆತ ಜಾಸ್ತಿ, ಕಾಟವೂ ಜಾಸ್ತಿ.

ಮಿಸ್ತ್ರಿಯ ಪರೀಕ್ಷೆಗೆ ಖರ್ಚೇ ಇಲ್ಲ. ಐದು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರಕ್ಕೆ ಹಗ್ಗದಿಂದ ಬಿಗಿದು, ಹೊಸ ಪೈಪಿನಲ್ಲಿ ನೇರ ಫೀಡ್ ಪಂಪಿಗೆ ಕೊಡುತ್ತಾನೆ. ಟ್ಯಾಂಕಿಗೂ ಎಂಜಿನ್ನಿಗೂ ಈಗ ಸಂಬಂಧವಿಲ್ಲ. ಅದೇ ಏರಿನಲ್ಲಿ ಲಾರಿ ತಕರಾರಿಲ್ಲದೆ ಹತ್ತುತ್ತದೆ, ಲಕ್ಷ್ಮೇಶ್ವರ ಮುಟ್ಟುವವರೆಗೆ ಒಮ್ಮೆಯೂ ಮುಗ್ಗರಿಸುವುದಿಲ್ಲ. ಎಂಜಿನ್, ಪಂಪ್, ನಾಝಲ್ ಎಲ್ಲವೂ ಒಂದೇ ಏಟಿಗೆ ಆರೋಪಮುಕ್ತ.

ಲಕ್ಷ್ಮೇಶ್ವರದಲ್ಲಿ ಚಾಸಿಗೆ ಉಜ್ಜುವ ಜಾಗದ ರಬ್ಬರ್ ಪೈಪನ್ನು ಬಿಚ್ಚಿ ಮಡಚಿ ತೋರಿಸುತ್ತಾನೆ. ನೇರ ಹಿಡಿದಾಗ ನುಣುಪು, ಮಡಚಿದಾಗ ಕೂದಲಿನಂಥ ಬಿರುಕುಗಳು ಬಾಯಿ ತೆರೆಯುತ್ತವೆ. ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳೂ ಹಳೆಯವು, ಒತ್ತಿ ಒತ್ತಿ ಗಡುಸಾಗಿವೆ. ಹೊಸ ಪೈಪು, ಹೊಸ ಕ್ಲಾಂಪು, ಹೊಸ ವಾಷರು ಬೀಳುತ್ತವೆ. ಬಂದ್ ಬೀಳುವ ಕತೆ ಅಲ್ಲಿಗೆ ಮುಗಿಯಿತು.

ಉಳಿದದ್ದು ಎಣ್ಣೆ. ಶಿರಹಟ್ಟಿಯ ಹೊರಗೆ ಮಾಲೀಕನ ಕಣದಲ್ಲಿ ಎಂಜಿನ್ನನ್ನು ಡೀಸೆಲ್ ಹಚ್ಚಿದ ಬ್ರಷ್ಷಿನಿಂದ ತೊಳೆದು ಒಣಗಿಸುತ್ತಾರೆ. ಮಾಲೀಕ ಒಳಗಿನಿಂದ ರಂಗೋಲಿ ಪುಡಿ ತಂದರೆ ಮಿಸ್ತ್ರಿ ಹೌಹಾರುತ್ತಾನೆ: "ಅದು ಕಲ್ಲಿನ ಪುಡಿ! ಒಳಗ ಹೋದ್ರ ಬೇರಿಂಗ್ ತಿಂದಹಾಕತೈತಿ." ಕೊನೆಗೆ ಬರುವುದು ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ. ಇಪ್ಪತ್ತು ವರ್ಷ ಕರ್ರಗಿದ್ದ ಎಂಜಿನ್ ಮದುವೆ ಹೆಣ್ಣಿನಂತೆ ಬೆಳ್ಳಗಾಗುತ್ತದೆ, ಮನೆಯವರೆಲ್ಲ ನಗುತ್ತಾರೆ.

ಸ್ಟಾರ್ಟ್ ಮಾಡಿ ಕಾಯಿರಿ. ಮೊದಲ ಕಪ್ಪು ಗೆರೆ ಮೂಡುವುದು ಎಲ್ಲಕ್ಕಿಂತ ಮೇಲೆ, ಟ್ಯಾಪೆಟ್ ಕವರಿನ ಪ್ಯಾಕಿಂಗಿನಲ್ಲಿ. ಅಲ್ಲಿಂದ ಇಳಿದ ಎಣ್ಣೆಯನ್ನು ಫ್ಯಾನಿನ ಗಾಳಿ ಹಿಂದಕ್ಕೆ ದೂಡುತ್ತದೆ; ಅದಕ್ಕೇ ಇಷ್ಟು ದಿನ ಎಂಜಿನ್ನಿನ ಹಿಂಭಾಗವೇ ಸೋರುತ್ತಿದೆ ಎಂದು ಕಂಡದ್ದು. "ಸೋರೂ ಜಾಗಾ ಬ್ಯಾರೆ, ಕಾಣೂ ಜಾಗಾ ಬ್ಯಾರೆ."

ಎಂಜಿನ್ ಓಡುತ್ತಿರುವಾಗಲೇ ಎಣ್ಣೆ ಹಾಕುವ ಮುಚ್ಚಳ ತೆಗೆಯುತ್ತಾನೆ. ಬುಸ್ ಬುಸ್ ಎಂದು ಹೊಗೆ. ಇದನ್ನು ನೋಡಿಯೇ ಗದಗಿನವನು ಬೋರ್ ಅಂದಿದ್ದು. ಮಿಸ್ತ್ರಿ ಕೆಳಗೆ ಬ್ರೀದರ್ ಪೈಪ್ ಬಿಚ್ಚಿ ತಂತಿ ತೂರಿಸುತ್ತಾನೆ. ಎಣ್ಣೆ ಕುಡಿದು ಗಟ್ಟಿಯಾದ ಎರಿಮಣ್ಣು ಹೆಂಟೆಹೆಂಟೆಯಾಗಿ ಉದುರುತ್ತದೆ. ಪಿಸ್ಟನ್ ದಾಟಿ ಇಳಿಯುವ ಹೊಗೆ ಹೊರಹೋಗುವ ದಾರಿ ಇದೊಂದೇ. ಇದು ಕಟ್ಟಿದರೆ ಆ ಒತ್ತಡ ಪ್ಯಾಕಿಂಗ್, ಸೀಲ್ ಎಲ್ಲೆಂದರಲ್ಲಿ ಎಣ್ಣೆಯನ್ನು ದೂಡುತ್ತದೆ. ಪೈಪ್ ತೊಳೆದು ಹಾಕಿದ ಮೇಲೆ ಮುಚ್ಚಳದ ಬಾಯಲ್ಲಿ ತೆಳು ಹೊಗೆಯಷ್ಟೇ ಉಳಿಯುತ್ತದೆ. ಆ ವಯಸ್ಸಿನ ಎಂಜಿನ್ನಿಗೆ ಅಷ್ಟು ಇದ್ದೇ ಇರುತ್ತದೆ. ಡಿಪ್‌ಸ್ಟಿಕ್ ಎಳೆದು ಬೆರಳಿಗೆ ಸವರಿ ಮೂಸುತ್ತಾನೆ. ಡೀಸೆಲ್ ವಾಸನೆ ಇಲ್ಲ, ಮಟ್ಟವೂ ಏರಿಲ್ಲ. ಏರಿದ್ದರೆ ಅದು ಸೋರುವುದಕ್ಕಿಂತ ಕೆಟ್ಟ ಸುದ್ದಿ.

ಟ್ಯಾಪೆಟ್ ಕವರಿಗೆ ಹೊಸ ಪ್ಯಾಕಿಂಗ್ ಬಿತ್ತು. ಕ್ಲಚ್ ಹೌಸಿಂಗಿನ ತಳದ ತೂತಿನಿಂದ ಮಾತ್ರ ಆಗೊಂದು ಈಗೊಂದು ಹನಿ ಬೀಳುತ್ತಲೇ ಇದೆ. ಅದು ಕ್ರ್ಯಾಂಕಿನ ಹಿಂದಿನ ಸೀಲ್. ಗೇರ್‌ಬಾಕ್ಸ್ ಇಳಿಸದೆ ಕೈಗೆ ಸಿಗದು. ಕ್ಲಚ್ ಪ್ಲೇಟ್ ಬದಲಿಸುವಾಗ ಒಟ್ಟಿಗೇ ಮಾಡಿದರೆ ಕೂಲಿ ಒಂದೇ ಸಲ, ಅಲ್ಲಿಯವರೆಗೆ ದಿನಾ ಮುಂಜಾನೆ ಡಿಪ್‌ಸ್ಟಿಕ್ ನೋಡು ಎಂದು ಮಿಸ್ತ್ರಿ ಡ್ರೈವರಿಗೆ ತಾಕೀತು ಮಾಡುತ್ತಾನೆ. ಬೋರ್ ಮಾಡಿಸುವ ಅಗತ್ಯವಿಲ್ಲ.

ಹಳೆ ಲಾರಿ ಕೊಳ್ಳುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ, ತೊಳೆಯಬೇಡಿ ಎಂದು ಮೊದಲೇ ಹೇಳಿಡಿ. ಟ್ಯಾಂಕ್ ಅರ್ಧ ಇರುವಾಗ ಒಂದು ಏರಿನಲ್ಲಿ ಓಡಿಸಿ ನೋಡಿ. ರೇಟಿನ ಮಾತು ಆಮೇಲೆ ಆಡಿ.