ಕಿರ್ದಿ, ಖತಾವಣಿ ಮತ್ತು ಹಳದಿ ಬಣ್ಣ

ಬೆಳೆದು ಜಡೆಗಟ್ಟಿದ ಎಕ್ಸೆಲ್ ಹಾಳೆಯನ್ನು ಬಿಡಿಸಿ ಡೇಟಾಬೇಸ್ ಮಾಡಿಕೊಡುವುದು ನನ್ನ ಕಸುಬು. ಹೊಟ್ಟೆಪಾಡಿಗೆ ಬೇರೆ ಕೆಲಸಗಳನ್ನೂ ಮಾಡುತ್ತೇನೆ. ಆದರೆ ಇಂಥದೊಂದು ಹಾಳೆ ಕೈಗೆ ಬಂದರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲ. ಸಣ್ಣವನಿದ್ದಾಗ ನಮ್ಮಜ್ಜಿ ನನ್ನ ತಂಗಿಯ ಸಿಕ್ಕುಗಟ್ಟಿದ ಕೂದಲು ಬಿಡಿಸುವುದನ್ನು ನೋಡುತ್ತಾ ಕೂರುತ್ತಿದ್ದೆ. ಅವರು ಬಾಚಣಿಗೆ ಹಾಕಿ ಎಳೆಯುತ್ತಿರಲಿಲ್ಲ. ತುದಿಯಿಂದ ಶುರುಮಾಡಿ, ಬೆರಳಲ್ಲೇ ಒಂದೊಂದು ಎಳೆ ಬೇರೆ ಮಾಡುತ್ತಾ ಬುಡಕ್ಕೆ ಬರುತ್ತಿದ್ದರು. ಒಂದು ಕೂದಲೂ ಹರಿಯಬಾರದು ಎಂಬುದು ಅವರ ಹಟ. ನಾನು ಕೆಲಸ ಮಾಡುವುದೂ ಹಾಗೆಯೇ.

ಹೀಗೆ ಬಿಡಿಸಿದ ಹಾಳೆಗಳಲ್ಲಿ ನನಗೆ ತುಂಬ ಪ್ರೀತಿಯದು ಶಿರಸಿ ಸೀಮೆಯ ಒಂದು ಸಹಕಾರಿ ಸಂಘದ್ದು. ಸದಸ್ಯರ ಅಡಿಕೆ ಮಾರಿಕೊಡುವುದು, ಬೆಳೆಸಾಲ ಕೊಡುವುದು, ಗೊಬ್ಬರ, ಮೈಲುತುತ್ತ ಮಾರುವುದು ಎಲ್ಲವೂ ಅಲ್ಲಿ ಒಂದೇ ಸೂರಿನಡಿ. ಎಲ್ಲದರ ಲೆಕ್ಕವೂ ಒಂದೇ ಫೈಲಿನಲ್ಲಿ. ಫೈಲಿನ ಹೆಸರು ‘ಅಡಿಕೆ ಫೈನಲ್ ಹೊಸದು 3’. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಷಾಯ ಕುಡಿದು ಮುಗಿಯುತ್ತಿತ್ತು. ತಿಂಗಳಿಗೊಂದು ಶೀಟು, ಕೊನೆಗೆ ವರ್ಷದ ಸಾರಾಂಶದ ಶೀಟು. ಅಡ್ಡಕ್ಕೆ ನೋಡಿದರೆ ಕಾಲಮ್ಮುಗಳು ಝಡ್ ದಾಟಿ, ಎಎ, ಎಬಿ ಎಂದು ಮುಂದುವರಿದು ಬಿಜಿಯವರೆಗೆ ಹೋಗಿದ್ದವು.

ಅದನ್ನು ಕಟ್ಟಿದವರು ಕೌಂಟರಿನಲ್ಲಿ ಕೂರುವ ಒಬ್ಬ ಅಕ್ಕ. ಯಾರೂ ಕಲಿಸದೆ, ಒಂದೊಂದೇ ಸೂತ್ರ ಕಲಿಯುತ್ತಾ ಹತ್ತು ವರ್ಷ ಇಡೀ ಸಂಘದ ವ್ಯವಹಾರವನ್ನು ಆ ಫೈಲಿನ ಮೇಲೆ ನಡೆಸಿದ್ದರು. ಎಕ್ಸೆಲ್ ಎಂದರೆ ಮೂಗು ಮುರಿಯುವ ಕಂಪ್ಯೂಟರಿನವರನ್ನು ಕಂಡರೆ ನನಗೆ ಸೇರುವುದಿಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಗಣಕಕ್ಕೆ ವಿಸಿಕ್ಯಾಲ್ಕ್ ತಂದರು. ಕಾಗದದ ಹಾಳೆಯಲ್ಲಿ ಒಂದು ಅಂಕಿ ತಪ್ಪಿದರೆ ಅದರ ಮೇಲೆ ನಿಂತ ಮೊತ್ತಗಳನ್ನೆಲ್ಲ ಅಳಿಸಿ ಬರೆಯಬೇಕಿತ್ತು. ಅವರ ತಂತ್ರಾಂಶದಲ್ಲಿ ಒಂದು ಅಂಕಿ ತಿದ್ದಿದರೆ ಉಳಿದವು ತಾವಾಗಿಯೇ ತಿದ್ದಿಕೊಂಡವು. ಪ್ರೋಗ್ರಾಂ ಬರೆಯಲು ಬಾರದವರೂ ತಮ್ಮ ಲೆಕ್ಕದ ಯಂತ್ರವನ್ನು ತಾವೇ ಕಟ್ಟಿಕೊಳ್ಳಬಹುದು ಎಂದಾಯಿತು. ಹಾಳೆ ಬೆಳೆದು ಕಾಡಾಗುವುದು ಅದು ಕೆಟ್ಟದ್ದೆಂದಲ್ಲ. ಜನ ಅದನ್ನು ನಂಬಿದ್ದರಿಂದ, ಪ್ರತಿ ಹೊಸ ಅಗತ್ಯವನ್ನೂ ಅದರ ಮೇಲೇ ಹೇರಿದ್ದರಿಂದ. ಈ ಮಾತನ್ನು ನಾನು ಅಕ್ಕನಿಗೆ ಮೊದಲ ದಿನವೇ ಹೇಳಿದೆ.

ತೊಡಕು ಇರುವುದು ಬೇರೆ ಕಡೆ. ಎಕ್ಸೆಲ್‌ಗೆ ಗೊತ್ತಿರುವುದು ಚೌಕ ಮಾತ್ರ. ಚೌಕದೊಳಗಿರುವುದು ಮನುಷ್ಯನ ಹೆಸರೋ, ಅಡಿಕೆಯ ತೂಕವೋ, ತೋಟದ ನಂಬರೋ ಅದಕ್ಕೆ ತಿಳಿಯದು. ಗಣಪತಿ ಹೆಗಡೆ ಎಂಬ ಸದಸ್ಯರು ಒಂದು ಶೀಟಿನಲ್ಲಿ ‘ಗಣಪತಿ ಹೆಗಡೆ’, ಇನ್ನೊಂದರಲ್ಲಿ ‘ಜಿ. ಹೆಗ್ಡೆ’, ಮತ್ತೊಂದರಲ್ಲಿ ಮನೆಯ ಹೆಸರಿನೊಂದಿಗೆ ಇದ್ದರು. ಆ ಹೆಸರಿನವರು ಊರಿಗೆ ನಾಲ್ವರಿರುವ ಸೀಮೆ ಅದು. ಜೊತೆಗೆ, ಹಳೆಯ ಶೀಟುಗಳೆಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅಕಾರಾದಿಯಾಗಿ ಜೋಡಿಸು ಎಂದರೆ ಅಡ್ಡಾದಿಡ್ಡಿ ಜೋಡಿಸುತ್ತದೆ. ಆ ಫಾಂಟಿನಲ್ಲಿ ‘ಸೂರ್ಯ’ ಎಂಬುದರ ಅರ್ಕಾವತ್ತು ಯಕಾರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪ್ರತಿ ಅರ್ಕಾವತ್ತನ್ನೂ ಎತ್ತಿ ಅದರ ಜಾಗಕ್ಕೆ ತರುವ ಪುಟ್ಟ ಪ್ರೋಗ್ರಾಂ ಬರೆದು, ಅದು ಓಡುವಾಗ ಒಂದೊಂದೇ ಹೆಸರು ನೆಟ್ಟಗಾಗುವುದನ್ನು ನೋಡುತ್ತಾ ಕೂತ ಆ ಮಧ್ಯಾಹ್ನದ ಸಂತೋಷ ನನಗಿನ್ನೂ ನೆನಪಿದೆ.

ಸರ್ವೆ ನಂಬರಿನ ಕಾಲಮ್ಮು ಹೆಚ್ಚು ಕಾಡಿತು. ಬೆಳೆಸಾಲಕ್ಕೆ ಪಹಣಿಯಲ್ಲಿರುವ ಸರ್ವೆ ನಂಬರು ಬೇಕೇ ಬೇಕು. 12/3 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖೆಂದು ತಿಳಿದು 12-ಮಾರ್ಚ್ ಮಾಡುತ್ತದೆ. 2/45 ಎಂದರೆ ಫೆಬ್ರವರಿ-45. ‘12/3ಅ’ ಎಂದಿದ್ದರೆ ಮಾತ್ರ ಬಿಟ್ಟುಬಿಡುತ್ತದೆ. ಸಂಘದಲ್ಲಿದ್ದ ಎರಡು ಕಂಪ್ಯೂಟರುಗಳ ಪೈಕಿ ಒಂದರಲ್ಲಿ ನಮ್ಮ ತಾರೀಖಿನ ಕ್ರಮ, ಇನ್ನೊಂದರಲ್ಲಿ ಅಮೆರಿಕದ್ದು. ಹಾಗಾಗಿ ಒಂದೇ ತೋಟ ಒಂದರಲ್ಲಿ 12-ಮಾರ್ಚ್ ಆಗಿತ್ತು, ಇನ್ನೊಂದರಲ್ಲಿ 3-ಡಿಸೆಂಬರ್. ಯಾವ ಸಾಲು ಯಾವ ಕಂಪ್ಯೂಟರಿನಲ್ಲಿ ಟೈಪಾಯಿತು ಎಂದು ಈಗ ಹೇಳುವವರಾರು? ಕಪಾಟಿನಿಂದ ಪಹಣಿ ಪ್ರತಿಗಳನ್ನು ಇಳಿಸಿ ಅಕ್ಕ ಓದಿದರು, ನಾನು ತಿದ್ದಿದೆ. ಎರಡು ದಿನ ಹಿಡಿಯಿತು. ಇದೇ ಕಾಟಕ್ಕೆ ಜೀವವಿಜ್ಞಾನಿಗಳು ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು. ‘ಮಾರ್ಚ್1’ ಎಂಬ ವಂಶವಾಹಿ ಎಕ್ಸೆಲ್‌ನಲ್ಲಿ ಮಾರ್ಚ್ ಒಂದನೇ ತಾರೀಖಾಗುತ್ತಿತ್ತು. 2020ರಲ್ಲಿ ಅದು ಅಧಿಕೃತವಾಗಿ ‘ಮಾರ್ಚ್‌ಎಫ್1’ ಆಯಿತು.

ಇನ್ನು ಹಳದಿಯ ವಿಷಯ.

ಫೈಲಿನ ಕೆಲವು ಸಾಲುಗಳಿಗೆ ಹಳದಿ ಬಣ್ಣ ತುಂಬಿತ್ತು. ಬಣ್ಣಕ್ಕೆ ಅರ್ಥವಿರುತ್ತದೆ ಎಂದು ನನಗೆ ಅನುಭವದಿಂದ ಗೊತ್ತು. ಬರೆಯಲು ಕಾಲಮ್ಮು ಸಿಗದ ಮಾತನ್ನು ಜನ ಬಣ್ಣದಲ್ಲಿ ಹೇಳುತ್ತಾರೆ. ಕೇಳಿದೆ. ‘ಮುಂಗಡ ಇನ್ನೂ ಮುರಿದುಕೊಳ್ಳಬೇಕಾದವರು’ ಎಂದ ಹೊಸದಾಗಿ ಸೇರಿದ್ದ ಹುಡುಗ. ಸರಿ, ಡೇಟಾಬೇಸಿನಲ್ಲಿ ಮುಂಗಡಕ್ಕೆ ಒಂದು ಟೇಬಲ್ ಎಂದು ಬರೆದುಕೊಂಡೆ. ಆದರೆ ತಾಳೆ ನೋಡುವಾಗ ಮುಂಗಡವನ್ನೇ ಪಡೆಯದ ಕೆಲವರೂ ಹಳದಿಯಲ್ಲಿ ಸಿಕ್ಕರು. ಮೂಲೆಯ ಮೇಜಿನಲ್ಲಿ ರಸೀದಿ ಹರಿಯುತ್ತಿದ್ದ ಹಿರಿಯ ಗುಮಾಸ್ತರು ಕನ್ನಡಕ ಏರಿಸಿ ಎದ್ದು ಬಂದರು. ಪರದೆಗೆ ಮುಖ ಹತ್ತಿರ ತಂದು ನೋಡಿದರು.

‘ತಮಾ, ಆ ಹಳದಿ ಬೇರೆ, ಈ ಹಳದಿ ಬೇರೆ. ಅದು ಅರಿಶಿನ. ಇದು ಲಿಂಬೆಹಣ್ಣು.’

ನಾನೂ ಬಗ್ಗಿ ನೋಡಿದೆ. ಹೌದು, ಎರಡು ಹಳದಿ. ಆ ಹಳೆಯ ಪರದೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು. ಲಿಂಬೆ ಹಳದಿಯ ಅರ್ಥ ಅವರೇ ಹೇಳಿದರು. ಅಣ್ಣತಮ್ಮಂದಿರು ಪಾಲಾಗಿದ್ದಾರೆ, ಪಹಣಿ ಮಾತ್ರ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿದೆ. ಅಂಥ ಖಾತೆಯ ಅಡಿಕೆ ಮಾರಿದರೆ ಇಬ್ಬರ ಸಹಿಯೂ ಬಿದ್ದ ಮೇಲೆಯೇ ದುಡ್ಡು. ಇದು ಯಾವ ಕಾಗದದಲ್ಲೂ ಇರಲಿಲ್ಲ. ಅವರ ತಲೆಯಲ್ಲಿತ್ತು, ಮತ್ತು ಆ ತೆಳು ಹಳದಿಯಲ್ಲಿತ್ತು.

ನಾನು ಅಲ್ಲಿಯವರೆಗೆ ಬರೆದಿದ್ದ ನಕ್ಷೆ ಹರಿದೆ. ಸದಸ್ಯ ಎಂದರೆ ಖಾತೆ, ಖಾತೆ ಎಂದರೆ ಸದಸ್ಯ ಎಂದು ಎರಡನ್ನೂ ಒಂದೇ ಟೇಬಲ್ಲಿಗೆ ಹಾಕಿದ್ದೆ. ಈಗ ಖಾತೆಗೊಂದು ಟೇಬಲ್, ಮನುಷ್ಯರಿಗೊಂದು ಟೇಬಲ್, ಯಾವ ಖಾತೆಗೆ ಯಾರೆಲ್ಲ ಹಕ್ಕುದಾರರು ಎಂಬುದಕ್ಕೆ ನಡುವೆ ಮೂರನೆಯದು. ಇಬ್ಬರ ಸಹಿ ಬೇಕೆಂಬುದು ಬಣ್ಣವಾಗಿ ಉಳಿಯಲಿಲ್ಲ, ನಿಯಮವಾಯಿತು. ಒಂದೇ ಸಹಿಯಿದ್ದರೆ ಪಾವತಿ ಮುಂದಕ್ಕೆ ಹೋಗುವುದಿಲ್ಲ. ಈ ಕಸುಬಿನಲ್ಲಿ ನನಗೆ ಅತಿ ಇಷ್ಟವಾದ ಕ್ಷಣ ಇದೇ. ಒಂದು ಎಂದು ನಂಬಿದ್ದು ಎರಡು ಎಂದು ತಿಳಿಯುವುದು, ಅದೂ ಆ ಕೆಲಸದಲ್ಲೇ ಕೂದಲು ನರೆತವರ ಬಾಯಿಂದ ತಿಳಿಯುವುದು.

ಹೀಗೆ ಬೇರ್ಪಡಿಸುವುದಕ್ಕೆ ಶಾಸ್ತ್ರದ ಬುನಾದಿ ಹಾಕಿದವರು ಎಡ್ಗರ್ ಕಾಡ್. ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದಾಗ, 1970ರ ಜೂನ್‌ನಲ್ಲಿ ಅವರ ಪ್ರಬಂಧ ಬಂತು. ಮಾಹಿತಿ ಯಂತ್ರದೊಳಗೆ ಎಲ್ಲಿ, ಯಾವ ಕ್ರಮದಲ್ಲಿ ಕೂತಿದೆ ಎಂಬ ಚಿಂತೆ ಬಳಸುವವರಿಗೆ ಬೇಡ, ಎಲ್ಲವನ್ನೂ ಸರಳ ಕೋಷ್ಟಕಗಳಾಗಿ ನೋಡಿ, ಬೇಕಾದಾಗ ಜೋಡಿಸಿಕೊಳ್ಳಿ ಎಂಬುದು ಅದರ ತಿರುಳು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ನಾನು ಅವರ ಹೆಸರು ಮೊದಲು ಕೇಳಿದ್ದು ತೊಂಬತ್ತರ ದಶಕದ ಫಾಕ್ಸ್‌ಪ್ರೋ ಡೇಟಾಬೇಸ್ ಕ್ಲಾಸಿನಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ಬರೆದ, ಹೀಗೆ ಬೇರ್ಪಡಿಸುವ ನಾರ್ಮಲೈಸೇಶನ್ ನಿಯಮಗಳು ಆಗ ಬಾಯಿಪಾಠ ಮಾತ್ರ ಆಗಿದ್ದವು. ಅರ್ಥವಾದದ್ದು ಅಡಿಕೆಯ ಚೀಲಗಳ ನಡುವೆ.

ಸಂಘಕ್ಕೆ ಬೆಳೆಗಾರರು ಒಂದೇ ಗಾಡಿಯಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಬೇರೆ ಬೇರೆ ಮಾಲು ತರುತ್ತಾರೆ. ಒಂದೊಂದು ಬಗೆಗೂ ಬೇರೆ ತೂಕ, ಬೇರೆ ಲಾಟ್ ನಂಬರು. ವ್ಯಾಪಾರಿಗಳು ಬಂದು ಮಾಲು ನೋಡಿ ಲಾಟಿಗೊಂದು ಟೆಂಡರ್ ದರ ಬರೆಯುತ್ತಾರೆ. ಹಾಳೆಯಲ್ಲಿ ಮಾತ್ರ ಇದೆಲ್ಲ ಒಂದೇ ಸಾಲು. ಚಾಲಿ ಚೀಲ, ಚಾಲಿ ತೂಕ, ಚಾಲಿ ದರ, ರಾಶಿ ಚೀಲ, ರಾಶಿ ತೂಕ, ರಾಶಿ ದರ ಎಂದು ಅಡ್ಡಡ್ಡ ಬೆಳೆದೇ ಕಾಲಮ್ಮು ಬಿಜಿ ಮುಟ್ಟಿದ್ದು. ಹೊಸ ಬಗೆಯೊಂದು ಸೇರಿದರೆ ಹನ್ನೆರಡು ಶೀಟುಗಳಿಗೂ ಮೂರು ಮೂರು ಕಾಲಮ್ಮು ತುರುಕಬೇಕು. ನಾನು ಮಾಡಿದ್ದು ಇಷ್ಟೆ: ಅಂಗಳದಲ್ಲಿ ಅಡಿಕೆ ಹೇಗೆ ಬಗೆಬಗೆಯಾಗಿ ಕೂತಿತ್ತೋ ಹಾಗೆಯೇ ಲೆಕ್ಕದಲ್ಲೂ ಕೂರಿಸಿದೆ. ಬಂದ ಮಾಲಿಗೆ ಒಂದು ಸಾಲು, ಅದರೊಳಗಿನ ಪ್ರತಿ ಲಾಟಿಗೆ ಅದರದೇ ಸಾಲು. ಅರವತ್ತರ ಹತ್ತಿರವಿದ್ದ ಕಾಲಮ್ಮುಗಳು ಏಳಕ್ಕೆ ಇಳಿದವು.

ಈ ಲೆಕ್ಕದ ಹೊಸ ಮನೆಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಆರಿಸಿದೆ. ಅದು ಉಚಿತ, ಗಟ್ಟಿ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾಗಿ ಇಂದಿಗೂ ಬೆಳೆಯುತ್ತಿರುವುದು. ಇಲ್ಲದ ಸದಸ್ಯನ ಹೆಸರಿಗೆ ಅಡಿಕೆ ಬರೆಯಹೋದರೆ ಅದು ಒಪ್ಪುವುದಿಲ್ಲ. ಮೊದಲ ವಾರ ಅಕ್ಕನಿಗೆ ಈ ಹಟದಿಂದ ಬೇಸರವಾಯಿತು. ‘ಎಕ್ಸೆಲ್ ಆದ್ರೆ ಬರ್ಕೊಂಡು ಹೋಗ್ತಿತ್ತು ಅಣ್ಣ, ಇದು ಪ್ರತಿಯೊಂದಕ್ಕೂ ತಕರಾರು’ ಎಂದರು. ಅವರ ಬೇಸರ ನ್ಯಾಯವಾದದ್ದೇ. ಎದುರಿಗೆ ಬೆಳೆಗಾರ ನಿಂತಿರುವಾಗ ತಕರಾರು ಯಾರಿಗೂ ಬೇಡ. ಅದಕ್ಕೇ ‘ವಿವರ ಬಾಕಿ’ ಎಂಬ ಒಂದು ದಾರಿ ಬಿಟ್ಟೆ. ಮಾಲು ತೆಗೆದುಕೊಳ್ಳಬಹುದು, ಹಣ ಪಾವತಿಗೆ ಮುನ್ನ ವಿವರ ತುಂಬಬೇಕು.

ಒಂದು ಹಂಗಾಮು ಪೂರ್ತಿ ಹಳೆಯ ಹಾಳೆ, ಹೊಸ ಡೇಟಾಬೇಸ್ ಎರಡರ ಲೆಕ್ಕಗಳೂ ಜೊತೆಜೊತೆಗೆ ನಡೆದವು. ತಾಳೆಯಾಗದ ದಿನ ಯಾರೂ ಮನೆಗೆ ಹೊರಡುತ್ತಿರಲಿಲ್ಲ. ಒಂದು ತಿಂಗಳ ಹಮಾಲಿಯಲ್ಲಿ ವ್ಯತ್ಯಾಸ ಬಂತು. ಹುಡುಕಿದರೆ ಹಾಳೆಯ ಮೊತ್ತದ ಸೂತ್ರ ಕೊನೆಯ ನಾಲ್ಕು ಸಾಲುಗಳಿಗೆ ಮುಂಚೆಯೇ ನಿಂತಿತ್ತು. ಆ ಸಾಲುಗಳು ಆಮೇಲೆ ಸೇರಿದವು, ಸೂತ್ರಕ್ಕೆ ಅದು ಗೊತ್ತಾಗಿರಲಿಲ್ಲ. ಇದಕ್ಕೆ ಅಕ್ಕ ನಾಚಿಕೊಂಡಾಗ ನಾನು ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರ ಕತೆ ಹೇಳಿದೆ. ದೇಶಗಳ ಸಾಲದ ಬಗ್ಗೆ ಅವರು 2010ರಲ್ಲಿ ಬರೆದ ಪ್ರಬಂಧವನ್ನು ಎಷ್ಟೋ ದೇಶಗಳ ರಾಜಕಾರಣಿಗಳು ಎತ್ತಿ ಆಡಿದ್ದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಹಾಳೆ ತೆರೆದು ನೋಡಿದಾಗ, ಸರಾಸರಿಯ ಸೂತ್ರ ಇಪ್ಪತ್ತು ದೇಶಗಳಲ್ಲಿ ಐದನ್ನು ಬಿಟ್ಟುಬಿಟ್ಟಿತ್ತು. ಅಕ್ಕ ಬಿಟ್ಟದ್ದು ನಾಲ್ಕೇ ಸಾಲು.

ಜೂನ್ ಬಂತು. ಆ ಸೀಮೆಯ ಮಳೆಯಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ಹೇಳಲಾಗದು. ಒಂದು ಸಂಜೆ ಅಕ್ಕ ಒಬ್ಬರ ಚಾಲಿಯ ಹಣ ಜಮಾ ಮಾಡಿ, ಮುಂಗಡ ಮುರಿದು, ಹಮಾಲಿ ಕಳೆದು ಉಳಿಸುವ ಗುಂಡಿ ಒತ್ತುತ್ತಿರುವಾಗಲೇ ಕತ್ತಲಾಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು. ಗುಮಾಸ್ತರು ಟಾರ್ಚ್ ಹಿಡಿದು ಬಂದು ನಿಂತರು. ಹಳೆಯ ಫೈಲಿನಲ್ಲಿ ಹೀಗಾದಾಗ ಕೊನೆಯ ಸಲ ಸೇವ್ ಮಾಡಿದ್ದು ಎಲ್ಲಿಯವರೆಗೆ ಎಂದು ರಾತ್ರಿಯೆಲ್ಲ ಚೀಟಿಗಳನ್ನು ತಿರುವಿದ್ದು ಅವರಿಗೆ ನೆನಪಿತ್ತು. ಮುಕ್ಕಾಲು ಗಂಟೆಗೆ ಬೆಳಕು ಬಂತು. ತೆರೆದು ನೋಡಿದೆವು. ಆ ಪಾವತಿಯ ಮೂರು ನಮೂದುಗಳಲ್ಲಿ ಒಂದೂ ಇರಲಿಲ್ಲ. ಅದಕ್ಕೆ ಹಿಂದಿನ ಪಾವತಿಯ ಮೂರೂ ಇದ್ದವು. ಅರ್ಧ ಎಂಬುದು ಎಲ್ಲೂ ಇಲ್ಲ. ಆದರೆ ಪೂರ್ತಿ, ಇಲ್ಲದಿದ್ದರೆ ಆಗಲೇ ಇಲ್ಲ.

‘ಇದಕ್ಕೆ ಹೇಗೆ ಗೊತ್ತಾಗ್ತದೆ?’ ಎಂದು ಗುಮಾಸ್ತರು ಕೇಳಿದರು.

ಪೋಸ್ಟ್‌ಗ್ರೆಸ್ ಏನೇ ಬದಲಾವಣೆಯಾದರೂ ಟೇಬಲ್ಲುಗಳ ಫೈಲನ್ನು ಮುಟ್ಟುವ ಮೊದಲು ಅದನ್ನು ಒಂದು ಲಾಗಿನಲ್ಲಿ ಆದ ಕ್ರಮದಲ್ಲೇ ಬರೆದು ಡಿಸ್ಕಿಗೆ ಇಳಿಸುತ್ತದೆ. ಟೇಬಲ್ಲುಗಳಿಗೆ ಏರಿಸುವುದು ಆಮೇಲೆ. ಕರೆಂಟು ಹೋಗಿ ಬಂದರೆ ಲಾಗನ್ನು ಓದಿ, ಮುಗಿದದ್ದನ್ನು ಉಳಿಸಿಕೊಂಡು, ಮುಗಿಯದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟನ್ನು ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ‘ಅಂದ್ರೆ ಕಿರ್ದಿ ಮೊದಲು, ಖತಾವಣಿ ಆಮೇಲೆ’ ಎಂದರು.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಪ್ರತಿ ವ್ಯವಹಾರವನ್ನೂ ಆದ ಕೂಡಲೇ ಕಿರ್ದಿಯಲ್ಲಿ ಬರೆದು, ಸಂಜೆ ಕೂತು ಒಬ್ಬೊಬ್ಬರ ಖಾತೆಗೆ ಏರಿಸುತ್ತಿದ್ದರು. ಖಾತೆ ಪುಸ್ತಕ ಮಳೆಗೆ ನೆನೆದು ಹೋದರೂ ಕಿರ್ದಿಯಿಂದ ಮತ್ತೆ ಕಟ್ಟಬಹುದಿತ್ತು. ಬರ್ಕ್ಲಿಯಲ್ಲಿ ಹುಟ್ಟಿದ ತಂತ್ರಾಂಶಕ್ಕೂ ನಮ್ಮ ಗುಮಾಸ್ತರ ಕೈಗೂ ತಿಳಿದದ್ದು ಒಂದೇ ಸಂಗತಿ. ಆ ಮಾತು ಕೇಳಿ ನನಗೆ ಗಂಟಲು ತುಂಬಿ ಬಂತು.

ಗುಮಾಸ್ತರು ಈಗ ನಿವೃತ್ತರು. ಎರಡು ಹಳದಿಗಳ ಅರ್ಥ ಅವರ ಜೊತೆ ಮನೆಗೆ ಹೋಗದೆ ಸಂಘದಲ್ಲೇ ಉಳಿದಿದೆ. ನಿಮ್ಮ ಅಂಗಡಿಯಲ್ಲೋ ಕಚೇರಿಯಲ್ಲೋ ಇಂಥದೊಂದು ಹಾಳೆ ಇದ್ದರೆ, ತಂತ್ರಾಂಶ ಯಾವುದು, ಖರ್ಚೆಷ್ಟು ಎಂಬುದನ್ನು ಆಮೇಲೆ ವಿಚಾರಿಸಿ. ಅದಕ್ಕೆ ಬಣ್ಣ ತುಂಬಿದವರ ಪಕ್ಕದಲ್ಲಿ ಮೊದಲು ಒಂದು ದಿನ ಕೂತು, ಅವರು ಹೇಳಿದ್ದನ್ನು ಬರೆದುಕೊಳ್ಳಿ.