ತಮಟೆ ಮುಟ್ಟಬಾರದು ಅಂದ ಕೈ

ನಿನ್ನೆ ಆಫೀಸು ಮುಗಿಸಿ ಮಂಡ್ಯದಿಂದ ಮದ್ದೂರು ಮೇಲೆ ಮಳವಳ್ಳಿಗೆ ಬರೋ ಬಸ್ಸಲ್ಲಿ ಸುಕನ್ಯಾ ರಾಮಗೋಪಾಲ್ ಅವರ ಘಟ ಕೇಳ್ತಾ ಬಂದೆ.

ತಮಿಳುನಾಡಲ್ಲಿ ಹುಟ್ಟಿ ಬೆಂಗಳೂರಲ್ಲಿ ನೆಲೆಸಿದವರು. ಕರ್ನಾಟಕ ಸಂಗೀತದಲ್ಲಿ ಘಟ ನುಡಿಸಿ ಹೆಸರಾದ ಮೊದಲ ಮಹಿಳೆ. ಕಲಿಯೋಕೆ ಹೋದಾಗ ವಿಕ್ಕು ವಿನಾಯಕರಾಮ್ 'ಹೆಣ್ಣಿನ ಬೆರಳಿಗೆ ಇದು ಕಷ್ಟ' ಅಂದರಂತೆ. ಅವರ ತಂದೆ ಹರಿಹರ ಶರ್ಮರೇ ಕೂರಿಸಿಕೊಂಡು ಕಲಿಸಿದರು. ಆಮೇಲೂ ಹೆಂಗಸಿನ ಪಕ್ಕ ಕೂತು ನುಡಿಸೋಲ್ಲ ಅನ್ನೋ ವಿದ್ವಾಂಸರಿದ್ದರು. ಇವರು ಬಿಡಲಿಲ್ಲ. ಬೇರೆ ಬೇರೆ ಶ್ರುತಿಯ ಘಟ ಜೋಡಿಸಿ 'ಘಟ ತರಂಗ' ನುಡಿಸಿದರು. ಹೆಂಗಸರದ್ದೇ 'ಸ್ತ್ರೀ ತಾಳ್ ತರಂಗ್' ತಂಡ ಕಟ್ಟಿದರು. 2014ರ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು.

ಸಭೆಯ ಸಂಗೀತ ನಮಗ್ಯಾಕೆ ಅಂತೀರಾ? ಆ ಸಭೆಯ ಮೃದಂಗಕ್ಕೆ ಚರ್ಮ ಹದ ಮಾಡಿಕೊಟ್ಟ ಕೈ ನಮ್ಮವರದ್ದೇ. ವೇದಿಕೆ ಮೇಲೆ ಚರ್ಮಕ್ಕೆ ಪೂಜೆ, ಸುಲಿದವನಿಗೆ ಮೈಲಿಗೆ. ಇದನ್ನ ಎಷ್ಟೋ ಸಲ ಬರ್ದಿದ್ದೀನಿ. ಇವತ್ತು ನಮ್ಮ ಮನೆ ಮಾತು.

ನಮ್ಮಪ್ಪ ತಮಟೆ ಬಡೀತಿದ್ದ. ನನಗೆ ಎಂಟು ವರ್ಷ. ಹುಲ್ಲು ಹತ್ತಿಸಿ ತಮಟೆ ಕಾಯಿಸಿ ಇಟ್ಟಿದ್ದಾಗ ಕಡ್ಡಿ ತಗೊಂಡು ಎರಡೇಟು ಬಡಿದೆ. 'ಹೆಣ್ಣೈಕ್ಳು ಮುಟ್ಟಬಾರ್ದು ಕಣವ್ವ' ಅಂತ ಕಿತ್ಕೊಂಡ. ಊರವರು ಅಪ್ಪನ್ನ ಜಗಲಿ ಹತ್ತಿಸಲಿಲ್ಲ. ಅಪ್ಪ ನನ್ನ ತಮಟೆ ಮುಟ್ಟಿಸಲಿಲ್ಲ. ಎರಡನ್ನೂ ಒಂದೇ ಉಸಿರಲ್ಲಿ ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.

ಸಾವಿಗೆ, ಹಬ್ಬಕ್ಕೆ ಬಿಟ್ಟಿ ಬಡಿಯೋದು ನಿಲ್ಲಲಿ ಅಂತ ನಮ್ಮ ಚಳವಳಿ ಹೇಳಿದ್ದು ಸರಿ. ಆದರೆ ಬಿಟ್ಟಿ ಬೇರೆ, ವಿದ್ಯೆ ಬೇರೆ. ಬಿಟ್ಟಿ ಬಿಡೋಣ, ವಿದ್ಯೆನ ಹೆಣ್ಣುಮಕ್ಕಳಿಗೂ ಕೊಡೋಣ.

ಕಾಲೇಜಲ್ಲಿ ಓದ್ತಿರೋ ನನ್ನ ತಂಗಿ ಮಗಳು ಏಪ್ರಿಲ್ 14ರ ಮೆರವಣಿಗೆಯಲ್ಲಿ ತಮಟೆ ಬಡೀತೀನಿ ಅಂತಾವಳೆ. ಕೇರಿ ಹಿರಿಯರು ಮುಖ ಸಿಂಡರಿಸ್ಕೊಂಡವ್ರೆ. 'ಬಾಬಾಸಾಹೇಬರ ಫೋಟೋ ಮುಂದೆ ಹೆಣ್ಣು ತಮಟೆ ಬಡಿಯೋದಾ' ಅಂತ ಕೇಳಿದರು. ಬಾಬಾಸಾಹೇಬರ ಮುಂದೆ ಅಲ್ಲದೆ ಇನ್ಯಾರ ಮುಂದೆ ಬಡೀಬೇಕು ಹೇಳಿ?

ರಾತ್ರಿ ಮನೇಲಿ ಅಪ್ಪನಿಗೆ ಸುಕನ್ಯಾ ಅವರ ವಿಡಿಯೋ ತೋರಿಸಿದೆ. ಏನೂ ಅನ್ನಲಿಲ್ಲ. ಬೆರಳು ಮಾತ್ರ ಮಂಚದ ಪಟ್ಟಿ ಮೇಲೆ ತಾಳ ಹಾಕ್ತಿದ್ದವು. ಮಲಗೋ ಮುಂಚೆ ಕರೆದು ಅಂದ: 'ಆ ಮಗೀಗೆ ಹೇಳು, ಮೊದ್ಲು ತಮಟೆ ಕಾಯ್ಸೋದ ಕಲ್ತ್ಕಳ್ಳಿ. ನಾನು ಹೇಳ್ಕೊಡ್ತೀನಿ.'

ಮೆರವಣಿಗೆಗೆ ಎಲ್ಲರೂ ಬನ್ನಿ. ಜೈ ಭೀಮ್.